‘ಪೇಟ್ರನ್’ ಅಂದ್ರೆ ಯಾರು? ಕೊಪ್ಪಳ ಸೀಮೆಯಿಂದ ಒಂದು ಪದಪಾಠ

ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಕಾನ್ಫರೆನ್ಸ್ ಬ್ರೋಶರ್ ತೆಗೆದು ನೋಡ್ರಿ. ಮೇಲೆ ‘ಚೀಫ್ ಪೇಟ್ರನ್’, ಅದರ ಕೆಳಗೆ ‘ಪೇಟ್ರನ್’, ಆಮೇಲೆ ‘ಕನ್ವೀನರ್’. ಕಟ್ಟಕಡೆಗೆ, ಜಾಗ ಉಳಿದಿದ್ದರೆ, ರಾತ್ರಿಯೆಲ್ಲ ಕುರ್ಚಿ ಹೊತ್ತ ವಿದ್ಯಾರ್ಥಿಗಳ ಹೆಸರು. ಅದೇ ಕಾರ್ಯಕ್ರಮದ ಕನ್ನಡ ಆಮಂತ್ರಣ ಬರೆಯೋ ಕೆಲಸ ಮಾತ್ರ ಕನ್ನಡ ಸಂಘದ ತಲೆಗೆ ಬರುತ್ತೆ. ಪೇಟ್ರನ್ ಅನ್ನೋದಕ್ಕೆ ಏನು ಬರೆಯೋದು? ‘ಪೋಷಕರು’ ಅಂತ ಬರೆದರೆ ಅಪ್ಪ-ಅಮ್ಮ ಅಂತ ಓದಿಕೊಳ್ತಾರೆ. ಶಾಲೆಯಲ್ಲಿ ‘ಪೋಷಕರ ಸಭೆ’ ಅಂತ ಕೇಳಿ ಬೆಳೆದವರು ನಾವು. ‘ಆಶ್ರಯದಾತರು’ ಅಂದ್ರೆ ನಾವೇನೋ ಮನೆಮಠ ಇಲ್ಲದೆ ಅವರ ಅಂಗಳದಲ್ಲಿ ಮಲಗಿದ ಹಾಗೆ. ‘ಪ್ರಾಯೋಜಕರು’ ಅಂದ್ರೆ ದುಡ್ಡು ಕೊಟ್ಟವರು. ಚೀಫ್ ಪೇಟ್ರನ್ ಬಹಳ ಸಲ ಹೆಸರು ಮಾತ್ರ ಕೊಟ್ಟಿರ್ತಾರೆ. ಕೊನೆಗೆ ‘ಮಹಾಪೋಷಕರು’ ಅಂತ ಬರೆದು, ‘ಮಹಾ’ ಸೇರಿಸಿದ್ರೆ ಯಾರೂ ಬೇಜಾರಾಗಲ್ಲ ಅಂತ ಸುಮ್ಮನಾಗ್ತೀವಿ.

ಇಂಗ್ಲಿಷ್–ಕನ್ನಡ ನಿಘಂಟು ತೆಗೆದರೆ ‘ಪೇಟ್ರನೇಜ್’ ಎದುರಿಗೆ ಆಶ್ರಯ, ಪೋಷಣೆ, ಪ್ರೋತ್ಸಾಹ, ಕೃಪೆ, ಬೆಂಬಲ ಅಂತ ಒಂದು ಸಾಲು ಇರುತ್ತೆ. ಇವುಗಳಲ್ಲಿ ಯಾವುದನ್ನ ಬೇಕಾದ್ರೂ ಎತ್ತಿಕೊಳ್ಳಬಹುದು ಅನ್ನೋ ಹಾಗೆ. ಆದರೆ ಅವು ಒಂದೇ ಅಲ್ಲ. ಇಂಗ್ಲಿಷಿನವರು ಒಂದೇ ಚೀಲಕ್ಕೆ ತುಂಬಿದ್ದನ್ನ ಕನ್ನಡದವರು ಬೇರೆ ಬೇರೆ ಗಡಿಗೆಯಲ್ಲಿ ಇಟ್ಟಿದ್ದಾರೆ. ನನಗೆ ಕಾಣೋ ಪ್ರಕಾರ, ಕನ್ನಡದ ಈ ಪ್ರತಿಯೊಂದು ಪದದ ಒಳಗೂ ಒಂದು ಋಣದ ಲೆಕ್ಕ ಇದೆ: ಪಡೆದವನು ಕೊಟ್ಟವನಿಗೆ ಏನನ್ನ ತಿರುಗಿ ಕೊಡಬೇಕು ಅನ್ನೋ ಲೆಕ್ಕ. ಅದು ತಿಳಿದರೆ ಎಲ್ಲಿ ಯಾವ ಪದ ಹಾಕಬೇಕು ಅನ್ನೋದು ತಿಳಿಯುತ್ತೆ. ಇದನ್ನ ಕಲಿಯೋಕೆ ದೂರ ಹೋಗಬೇಕಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಿದರೆ ಸಾಕು, ಹೆಚ್ಚೂಕಡಿಮೆ ಒಂದೊಂದು ಪದಕ್ಕೂ ಒಂದೊಂದು ಊರು ಸಿಗುತ್ತೆ.

ಮೊದಲು ಇಂಗ್ಲಿಷ್ ಪದದ ಬೇರು. ಲ್ಯಾಟಿನ್ನಿನಲ್ಲಿ ‘ಪಾತೆರ್’ ಅಂದ್ರೆ ಅಪ್ಪ, ಅದರಿಂದ ‘ಪಾತ್ರೋನುಸ್’. ಹಳೆಯ ರೋಮಿನಲ್ಲಿ ಪಾತ್ರೋನುಸ್ ಅಂದ್ರೆ ದೊಡ್ಡ ಮನೆಯ ಯಜಮಾನ, ಅವನ ನೆರಳಲ್ಲಿ ಇರೋನು ‘ಕ್ಲಿಯೆನ್ಸ್’, ಅಂದ್ರೆ ಇವತ್ತಿನ ‘ಕ್ಲೈಂಟ್’. ಗುಲಾಮನನ್ನ ಬಿಡುಗಡೆ ಮಾಡಿದ ಮೇಲೂ ಹಳೆಯ ಒಡೆಯನೇ ಅವನ ಪಾತ್ರೋನುಸ್. ಕ್ಲೈಂಟ್‌ಗಳು ಬೆಳಿಗ್ಗೆ ಯಜಮಾನನ ಮನೆಬಾಗಿಲಿಗೆ ಹೋಗಿ ನಮಸ್ಕಾರ ಹಾಕಿ, ಊಟದ ಬುಟ್ಟಿಯನ್ನೋ ನಾಲ್ಕು ಕಾಸನ್ನೋ ಪಡೆದು ಬರ್ತಿದ್ರು. ಮುಂದೆ ಸಾಫ್ಟ್‌ವೇರ್ ಕಂಪನಿ ಸೇರಿದಾಗ ‘ಕ್ಲೈಂಟ್ ಈಸ್ ಗಾಡ್’ ಅನ್ನೋ ಮಾತು ಕೇಳ್ತೀರಲ್ಲ, ಆ ಪದ ಎಲ್ಲಿಂದ ಎಲ್ಲಿಗೆ ಏರಿದೆ ನೋಡ್ರಿ. ಇನ್ನೊಂದು ತಮಾಷೆ: ಕಂಪ್ಯೂಟರ್ ಸೈನ್ಸಿನವರ ‘ಡಿಸೈನ್ ಪ್ಯಾಟರ್ನ್’ನಲ್ಲಿರೋ ‘ಪ್ಯಾಟರ್ನ್’ ಕೂಡ ಇದೇ ‘ಪೇಟ್ರನ್’ ಪದದ ಇನ್ನೊಂದು ರೂಪ. ಮಗ ಅಪ್ಪನನ್ನ ನೋಡಿ ನಡೆಯೋ ಹಾಗೆ, ನಕಲು ಮಾಡೋಕೆ ಮುಂದೆ ಇಟ್ಟುಕೊಳ್ಳೋ ಮಾದರಿ ಅನ್ನೋ ಅರ್ಥದಿಂದ ಬೆಳೆದು ಬಂದದ್ದು.

ಈಗ ಕನ್ನಡಕ್ಕೆ ಬರೋಣ. ‘ಆಶ್ರಯ’ ಅಂದ ಕೂಡಲೇ ನಮ್ಮ ಊರುಗಳಲ್ಲಿ ಯಾರಿಗೂ ರಾಜಾಶ್ರಯ ನೆನಪಾಗೋದಿಲ್ಲ. ‘ಆಶ್ರಯ ಪ್ಲಾಟು’, ‘ಆಶ್ರಯ ಕಾಲೋನಿ’ ನೆನಪಾಗ್ತಾವೆ. ಸರ್ಕಾರದ ವಸತಿ ಯೋಜನೆಗೆ ಇಟ್ಟ ಹೆಸರು ಓಣಿಯ ಹೆಸರಾಗಿ ಉಳಿದಿದೆ. ಅದು ತಪ್ಪೂ ಅಲ್ಲ. ಆಶ್ರಯದ ಮೂಲ ಅರ್ಥ ಒರಗೋದು, ಆತುಕೊಳ್ಳೋದು. ಬಳ್ಳಿಗೆ ಮರ ಆಶ್ರಯ. ಅಚ್ಚಗನ್ನಡದಲ್ಲಿ ಇದಕ್ಕೆ ‘ಮರೆ’ ಅನ್ನೋ ಪದ ಇದೆ, ‘ಮರೆಹೊಗು’ ಅಂದ್ರೆ ಒಬ್ಬರ ಹಿಂದೆ ಹೋಗಿ ನಿಂತು ರಕ್ಷಣೆ ಪಡೆಯೋದು. ಇಲ್ಲಿ ಪಡೆಯುವವನು ಏನೂ ಕೊಡಬೇಕಾಗಿಲ್ಲ. ಕೊಡೋ ಸ್ಥಿತಿಯಲ್ಲಿ ಅವನು ಇರೋದೇ ಇಲ್ಲ. ಹಾಗಾದ್ರೆ ಬೆಲೆ ಯಾರು ತೆರ್ತಾರೆ?

ಈ ಪ್ರಶ್ನೆಗೆ ಉತ್ತರ ಗಂಗಾವತಿ ತಾಲೂಕಿನ ಕುಮ್ಮಟದುರ್ಗದ ಬೆಟ್ಟದ ಮೇಲೆ ಇದೆ. ಅಲ್ಲಿ ಆಳಿದವನು ಕಂಪಿಲರಾಯ, ಗಂಡುಗಲಿ ಕುಮಾರರಾಮನ ತಂದೆ. ದಿಲ್ಲಿಯ ಸುಲ್ತಾನ ಮಹಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆ ಎದ್ದು ಸೋತ ಬಹಾವುದ್ದೀನ್ ಗುರ್ಶಾಸ್ಪ್ ಅನ್ನೋನು ಓಡಿ ಬಂದು ಕಂಪಿಲರಾಯನ ಮರೆಹೊಕ್ಕ. ಈ ಗುರ್ಶಾಸ್ಪ್ ಸುಲ್ತಾನನ ಹತ್ತಿರದ ಸಂಬಂಧಿಯೇ. ಅವನನ್ನ ಹಿಡಿದು ಒಪ್ಪಿಸಿದ್ದರೆ ಕಂಪಿಲರಾಯನ ರಾಜ್ಯ ಉಳೀತಿತ್ತೇನೋ. ಒಪ್ಪಿಸಲಿಲ್ಲ. ದಿಲ್ಲಿಯ ಸೈನ್ಯ ಬಂತು. ಇನ್ನು ಉಳಿಯೋದಿಲ್ಲ ಅಂತ ಗೊತ್ತಾದಾಗ ರಾಯ ಮೊದಲು ಮಾಡಿದ ಕೆಲಸ ಅಂದ್ರೆ ಆಶ್ರಿತನನ್ನ ಸುರಕ್ಷಿತವಾಗಿ ಹೊಯ್ಸಳರ ಮೂರನೇ ಬಲ್ಲಾಳನ ಹತ್ತಿರ ಕಳಿಸಿದ್ದು. ಆಮೇಲೆ ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು, ರಾಯ ಯುದ್ಧದಲ್ಲಿ ಸತ್ತ. ಇದು 1327ರ ಸುಮಾರು. ಮೊರಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಕೂಡ ಈ ಕಥೆಯನ್ನ ಬರೆದಿಟ್ಟಿದ್ದಾನೆ. ಬಲ್ಲಾಳ ಮಾತ್ರ ಗುರ್ಶಾಸ್ಪ್‌ನನ್ನ ದಿಲ್ಲಿಯವರಿಗೆ ಒಪ್ಪಿಸಿಬಿಟ್ಟ. ಬಲ್ಲಾಳನನ್ನ ಬೈಯೋದು ಸುಲಭ. ಅವನ ಕಣ್ಣೆದುರಿಗೆ ಕುಮ್ಮಟ ಸುಟ್ಟಿತ್ತು ಅನ್ನೋದನ್ನೂ ಮರೆಯಬಾರದು.

ಇದು ಆಶ್ರಯ ಅನ್ನೋ ಪದದ ಪೂರ್ತಿ ತೂಕ. ಕೊಟ್ಟವನೇ ಬೆಲೆ ತೆರೋದು. ಆಮಂತ್ರಣ ಪತ್ರಿಕೆಯಲ್ಲಿ ‘ಸಂಯುಕ್ತ ಆಶ್ರಯದಲ್ಲಿ’ ಅಂತ ಬರೀವಾಗ ಇಷ್ಟೆಲ್ಲ ಯಾರೂ ಯೋಚಿಸೋದಿಲ್ಲ ಬಿಡ್ರಿ, ಅಲ್ಲಿ ಅದರ ಅರ್ಥ ‘ಹಾಲ್ ಬುಕ್ ಮಾಡಿದ್ದು ಇವರು’ ಅಂತ ಅಷ್ಟೆ.

ಆಶ್ರಯಕ್ಕೆ ನೇರ ವಿರುದ್ಧ ದಿಕ್ಕಿನ ಪದ ‘ಜೋಳವಾಳಿ’. ಹಳಗನ್ನಡದ ಪದ, ಶಾಸನಗಳಲ್ಲೂ ಕಾವ್ಯಗಳಲ್ಲೂ ಬರುತ್ತೆ. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡೋ ಬದ್ಧತೆ. ಯಲಬುರ್ಗಾ–ಕುಷ್ಟಗಿಯ ಎರಿ ಹೊಲದ ಬಿಳಿಜೋಳ ತಿಂದು ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಬೆಲೆ ತೆರೋನು ಉಂಡವನು. ಊರ ಹೊರಗೆ ನಿಂತಿರೋ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಇಂಥ ಲೆಕ್ಕ ಚುಕ್ತಾ ಆದದ್ದರ ರಸೀದಿಗಳು. ಇಂದಿನ ಮಾತಿನಲ್ಲಿ ‘ಅನ್ನದ ಋಣ’, ‘ಉಪ್ಪಿನ ಋಣ’ ಅಂತೀವಲ್ಲ, ಅದು ಇದೇ ಮನೆತನದ್ದು. ‘ನಮ್ಮ ಧಣಿ’ ಅನ್ನುವಾಗಲೂ ಸ್ವಲ್ಪ ಇದೇ ವಾಸನೆ ಇದೆ.

ಕವಿಗಳ ಲೆಕ್ಕ ಇನ್ನೂ ಸೂಕ್ಷ್ಮ. ಕೊಪ್ಪಳದವರು ಹೆಮ್ಮೆಯಿಂದ ಹೇಳೋ ಒಂದು ಸಂಗತಿ ಗೊತ್ತಿರಬೇಕು: ತಿರುಳ್ಗನ್ನಡದ ನಾಡು ಯಾವುದು ಅಂತ ಹೇಳುವಾಗ ‘ಕವಿರಾಜಮಾರ್ಗ’ ಹೆಸರಿಸೋ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಕೊಪಣ ಅಂದ್ರೆ ಇಂದಿನ ಕೊಪ್ಪಳ. ಒಂಬತ್ತನೇ ಶತಮಾನದ ಆ ಗ್ರಂಥ ತನ್ನನ್ನ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನಿಗೆ ‘ಅನುಮತ’ವಾದದ್ದು ಅಂತ ಕರೆದುಕೊಳ್ಳುತ್ತೆ. ಅನುಮತ ಅಂದ್ರೆ ಒಪ್ಪಿಗೆ ಪಡೆದದ್ದು. ಬರೆದವನು ಶ್ರೀವಿಜಯ ಅಂತ ವಿದ್ವಾಂಸರು ಇಂದು ಒಪ್ಪೋದು, ಆದರೆ ಬಹಳ ಕಾಲ ಅದನ್ನ ನೃಪತುಂಗನ ಕೃತಿ ಅಂತಲೇ ಕರೀತಿದ್ರು. ಪೋಷಣೆಗೆ ಕವಿ ತೆತ್ತ ಬೆಲೆ ಅಂದ್ರೆ ಇದು, ಸಾವಿರ ವರ್ಷ ತನ್ನ ಹೆಸರು ಇನ್ನೊಬ್ಬನ ಹೆಸರಿನ ಹಿಂದೆ ನಿಲ್ಲೋದು. ಪ್ರಾಜೆಕ್ಟ್ ಪೇಪರಿನಲ್ಲಿ ಯಾರ ಹೆಸರು ಮೊದಲು ಅಂತ ಜಗಳ ಆಡೋರು ಈ ಉದಾಹರಣೆ ಇಟ್ಟುಕೊಳ್ಳಬಹುದು.

ಪಂಪನದು ಬೇರೆ ಥರ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ. ಆಶ್ರಯ ಕೊಟ್ಟ ವೇಮುಲವಾಡದ ಅರಿಕೇಸರಿಯನ್ನ ಅರ್ಜುನನ ಜೊತೆ ಸಮೀಕರಿಸಿದ. ಪೋಷಕನೇ ಕಥಾನಾಯಕ ಆದಮೇಲೆ ಕಥೆಯ ತಿರುವುಗಳೂ ಬದಲಾಗಲೇಬೇಕು. ದ್ರೌಪದಿ ಐವರ ಹೆಂಡತಿ ಆಗಿದ್ದರೆ ಅರಿಕೇಸರಿಗೆ ಮುಜುಗರ, ಹಾಗಾಗಿ ಪಂಪನಲ್ಲಿ ಅವಳು ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟವೂ ಅರ್ಜುನನಿಗೇ. ಪ್ರತಿಫಲವಾಗಿ ಕವಿಗೆ ಧರ್ಮಪುರ ಅನ್ನೋ ಅಗ್ರಹಾರ ಬಂತು. ಸ್ಪಾನ್ಸರ್ ಹೇಳಿದ ಹಾಗೆ ರಿಕ್ವೈರ್‌ಮೆಂಟ್ ಬದಲಾದ ಮೊದಲ ಪ್ರಾಜೆಕ್ಟ್ ಇದಲ್ಲ, ಕೊನೆಯದೂ ಅಲ್ಲ. ಆದರೂ ಆ ಇಕ್ಕಟ್ಟಿನ ಒಳಗೇ ಪಂಪ ತನ್ನ ಕರ್ಣನನ್ನ ಎಷ್ಟು ಎತ್ತರಕ್ಕೆ ನಿಲ್ಲಿಸಿದ ಅನ್ನೋದನ್ನ ಓದಿದವರು ಬಲ್ಲರು. ಋಣ ತೀರಿಸಿದ ಮೇಲೂ ಕವಿಯ ಕೈಯಲ್ಲಿ ಸ್ವಲ್ಪ ಉಳಿದಿರುತ್ತೆ.

ರನ್ನನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಬಳೆಗಾರರ ಮನೆಯ ಹುಡುಗ, ಮುಧೋಳದವನು. ಅವನಿಂದ 993ರಲ್ಲಿ ‘ಅಜಿತಪುರಾಣ’ ಬರೆಸಿದವಳು ರಾಣಿಯಲ್ಲ, ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಲ್ಲಿ ಸತ್ತ ಮೇಲೆ ಮಗನನ್ನ ಸಾಕಿಕೊಂಡು ಬದುಕಿದ ಹೆಂಗಸು. ನಮ್ಮ ಪಕ್ಕದ ಲಕ್ಕುಂಡಿಯ ಬ್ರಹ್ಮಜಿನಾಲಯ ಅವಳು ಕಟ್ಟಿಸಿದ್ದೇ. ಅವಳ ನಡತೆಯ ಪಾವಿತ್ರ್ಯಕ್ಕೆ ರನ್ನ ಕೊಡೋ ಹೋಲಿಕೆಗಳಲ್ಲಿ ಕೊಪಣದ ಬೆಟ್ಟವೂ ಒಂದು; ಆಗ ಕೊಪ್ಪಳ ಜೈನರ ದೊಡ್ಡ ತೀರ್ಥ. ಆದರೆ ನಾನು ಹೇಳಬೇಕು ಅಂದುಕೊಂಡದ್ದು ಇದಲ್ಲ. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಓಲೆಗರಿಯ ಮೇಲೆ ಬರೆಸಿ ಹಂಚಿಸಿದಳು ಅಂತ ಪ್ರಸಿದ್ಧಿ ಇದೆ. ಆ ಕಾವ್ಯವನ್ನ ಮೊದಲು ಬರೆಸಿದ್ದು ಅವಳ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ಅಂದ್ರೆ ಪುಸ್ತಕ ಆಗಲೇ ಇತ್ತು. ಅವಳು ಹೊಸದನ್ನ ಮಾಡಿಸಲಿಲ್ಲ, ಇದ್ದದ್ದು ಸಾಯದ ಹಾಗೆ ನೋಡಿಕೊಂಡಳು. ಇದಕ್ಕೆ ಪದ ಯಾವುದು? ಆಶ್ರಯ ಅಲ್ಲ, ಕವಿಗೆ ಇದರಿಂದ ಏನೂ ಸಿಗಲಿಲ್ಲ. ಪ್ರೋತ್ಸಾಹವೂ ಅಲ್ಲ.

ಆ ಪದ ಸಿಗೋದು ದಾನಶಾಸನಗಳಲ್ಲಿ. ಅದಕ್ಕೆ ಇಟಗಿಗೆ ಹೋಗಬೇಕು. ತಾಲೂಕು ಒಡೆದ ಮೇಲೆ ಅದು ಕುಕನೂರಿಗೆ ಸೇರಿದೆ, ಹಿರಿಯರ ಬಾಯಲ್ಲಿ ಇನ್ನೂ ಯಲಬುರ್ಗಾ ತಾಲೂಕಿನ ಇಟಗಿಯೇ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಅಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನ ಶಾಸನ ‘ದೇವಾಲಯ ಚಕ್ರವರ್ತಿ’ ಅಂತ ಕರೆಯುತ್ತೆ. ಸಿವಿಲ್‌ನವರು ಒಂದು ಸಲ ಆದರೂ ಹೋಗಿ ಆ ಕಂಬಗಳ ತಿರುಗಣೆಯ ನುಣುಪನ್ನ ಮುಟ್ಟಿ ನೋಡಬೇಕು. ಸಾಬೂನುಕಲ್ಲು ಅಷ್ಟು ತೆಳ್ಳಗೆ ಹೇಗೆ ಕೆತ್ತಿದರು ಅನ್ನೋದು ಬೇರೆ ಲೇಖನದ ವಿಷಯ.

ಆ ಕಾಲದ ದಾನಶಾಸನಗಳ ಒಕ್ಕಣೆ ಹೆಚ್ಚೂಕಡಿಮೆ ಒಂದೇ ಥರ. ಭೂಮಿಯನ್ನ ‘ಧಾರಾಪೂರ್ವಕ’ ಕೊಡ್ತಾರೆ, ಅಂದ್ರೆ ನೀರು ಎರೆದು. ನೀರು ನೆಲಕ್ಕೆ ಬಿದ್ದ ಮೇಲೆ ತಿರುಗಿ ಕೇಳೋ ಹಾಗಿಲ್ಲ. ಯಾತಕ್ಕೆ ಕೊಟ್ಟದ್ದು ಅಂತಲೂ ಬರೀತಾರೆ: ದೇವರ ಪೂಜೆ ಉಪಚಾರಕ್ಕೆ ‘ಅಂಗಭೋಗ’, ಹಾಡು ಕುಣಿತದವರಿಗೆ ‘ರಂಗಭೋಗ’, ಇವುಗಳ ಪಕ್ಕದಲ್ಲೇ ‘ಖಂಡಸ್ಫುಟಿತ ಜೀರ್ಣೋದ್ಧಾರ’. ಮುರಿದದ್ದು, ಬಿರುಕು ಬಿಟ್ಟದ್ದು, ಹಳೆಯದಾದದ್ದನ್ನ ಸರಿಮಾಡೋಕೆ ಅಂತ ಅರ್ಥ. ಕಟ್ಟಡ ಹೊಚ್ಚಹೊಸದಾಗಿ ನಿಂತಿರುವಾಗಲೇ ಅದು ಮುಂದೆ ಬಿರುಕು ಬಿಡುತ್ತೆ ಅಂತ ಒಪ್ಪಿಕೊಂಡು, ಅದಕ್ಕೆ ಆದಾಯ ಎಲ್ಲಿಂದ ಬರಬೇಕು ಅಂತ ಕಲ್ಲಿನಲ್ಲಿ ಕೆತ್ತಿಸಿಟ್ಟ ಬಜೆಟ್ ಹೆಡ್ ಇದು. ಕೆರೆಗಳಿಗೂ ಹೀಗೇ ಇತ್ತು: ಕೆರೆ ಕಟ್ಟಿದವನಿಗೆ, ಏರಿ ನೋಡಿಕೊಳ್ಳೋನಿಗೆ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಅಂತ ಭೂಮಿ ಬಿಡ್ತಿದ್ರು. ಹೂಳು ತೆಗೆಯೋನ ಹೊಟ್ಟೆ ಕೆರೆಯ ನೀರಿನಿಂದಲೇ ತುಂಬೋ ಹಾಗೆ. ನನ್ನ ಕೇಳಿದ್ರೆ ಪೇಟ್ರನೇಜ್ ಅನ್ನೋ ಪದದ ಅತಿ ಎತ್ತರದ ಅರ್ಥ ಇದು. ‘ದತ್ತಿ’ ಅನ್ನೋ ಪದದಲ್ಲಿ ಅದು ಇವತ್ತಿಗೂ ಸ್ವಲ್ಪ ಜೀವಂತ ಇದೆ. ದತ್ತಿನಿಧಿ ಅಂದ್ರೆ ಅಸಲು ಮುಟ್ಟದೆ ಬಡ್ಡಿಯಲ್ಲಿ ನಡೆಸೋದು.

ಇದರ ಕೊರತೆ ಏನು ಮಾಡುತ್ತೆ ಅನ್ನೋದಕ್ಕೆ ನಮ್ಮದೇ ಕ್ಷೇತ್ರದ ಉದಾಹರಣೆ ಕೊಡ್ತೀನಿ. ಜಗತ್ತಿನ ಬಹುಪಾಲು ವೆಬ್‌ಸೈಟುಗಳು ಪಾಸ್‌ವರ್ಡು, ಬ್ಯಾಂಕ್ ವ್ಯವಹಾರ ಗುಟ್ಟಾಗಿ ಇಡೋಕೆ ‘ಓಪನ್ ಎಸ್‌ಎಸ್‌ಎಲ್’ ಅನ್ನೋ ಉಚಿತ ತಂತ್ರಾಂಶ ನಂಬಿದ್ದವು. 2014ರಲ್ಲಿ ಅದರಲ್ಲಿ ‘ಹಾರ್ಟ್‌ಬ್ಲೀಡ್’ ಅನ್ನೋ ದೊಡ್ಡ ಬಿರುಕು ಸಿಕ್ಕಿತು. ಆಗ ಹೊರಬಿದ್ದ ಸಂಗತಿ: ಅದನ್ನ ನೋಡಿಕೊಳ್ತಿದ್ದವರು ಬೆರಳೆಣಿಕೆಯ ಜನ, ಅವರಿಗೆ ಬರ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಕೋಟ್ಯಂತರ ಗಳಿಸೋ ಕಂಪನಿಗಳು ಅದರ ಮೇಲೆ ಮನೆ ಕಟ್ಟಿದ್ದವು, ಖಂಡಸ್ಫುಟಿತಕ್ಕೆ ಯಾರೂ ಗೇಣು ಭೂಮಿ ಬಿಟ್ಟಿರಲಿಲ್ಲ. ಆಮೇಲೆ ಲಿನಕ್ಸ್ ಫೌಂಡೇಶನ್ ಮುಂದಾಗಿ ದೊಡ್ಡ ಕಂಪನಿಗಳಿಂದ ನಿಧಿ ಸೇರಿಸಿತು. ಹನ್ನೆರಡನೇ ಶತಮಾನದ ಒಬ್ಬ ದಂಡನಾಯಕನ ಗುಮಾಸ್ತನಿಗೆ ಹೊಳೆದದ್ದು ಇವರಿಗೆ ಹೊಳೆಯೋಕೆ ಇಂಥ ಏಟು ಬೇಕಾಯಿತು.

ಪೋಷಕ ಇದ್ದಕ್ಕಿದ್ದಂತೆ ಇಲ್ಲವಾದರೆ ಏನಾಗುತ್ತೆ? ಇದಕ್ಕೆ ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋಗಬೇಕು. ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರು ಆಗಿತ್ತು. ಜಹಗೀರು, ಇನಾಮು, ಉಂಬಳಿ, ಮಾನ್ಯ ಇವೆಲ್ಲ ಪೇಟ್ರನೇಜಿನ ಭೂಮಿ ರೂಪಗಳು. ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ದೇವರು, ಗೊಂಬೆ ಮಾಡೋರು. ಸೆಣಬಿನ ನಾರಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ‘ಕಿಟ್ಟ’ ಅನ್ನೋ ಕಲಸು ತಯಾರಿಸಿ, ಅದರಿಂದ ತುಂಡುಗಳನ್ನ ಬೆಸೀತಾರೆ. ಮೇಲೆ ಬಣ್ಣ, ಬಂಗಾರದ ಹಾಗೆ ಹೊಳೆಯೋ ಲೇಪ. ಹಂಪಿಯ ವಿರೂಪಾಕ್ಷ ಗುಡಿಯ ಮಾಳಿಗೆಯ ಚಿತ್ರ ಬರೆದದ್ದು ತಮ್ಮ ಪೂರ್ವಿಕರೇ ಅನ್ನೋ ನಂಬಿಕೆ ಅವರಲ್ಲಿದೆ. ಆಮೇಲೆ ನವಾಬರ, ದೇಸಾಯಿಗಳ ಪೋಷಣೆ ಇತ್ತು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, ಮರುವರ್ಷ ಜಹಗೀರುಗಳು ರದ್ದಾದವು. ರೈತನಿಗೆ ಅದು ಬಿಡುಗಡೆ, ಅದರಲ್ಲಿ ಎರಡು ಮಾತಿಲ್ಲ. ಕಲೆಗಾರನಿಗೆ ಮಾತ್ರ ಒಂದೇ ಏಟಿಗೆ ಧಣಿ ಹೋದ, ಗಿರಾಕಿ ಇನ್ನೂ ಬಂದಿರಲಿಲ್ಲ.

ಇವತ್ತು ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಈ ‘ಮಾನ್ಯತೆ’ಯಲ್ಲೂ ಹಳೆಯ ‘ಮಾನ್ಯ’ ಇಣುಕ್ತಾ ಇದೆ, ಭೂಮಿ ಮಾತ್ರ ಇಲ್ಲ. ಅದೇ ಹೊತ್ತಿಗೆ ಕುಕನೂರು ತಾಲೂಕಿನ ಭಾನಾಪುರದ ಹತ್ತಿರ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್, ಇಲ್ಲಿ ಹುಣಸೆಬೀಜದ ಅಂಟು. ಕಂಪನಿಗೆ ಸರ್ಕಾರ ಕೊಡೋದನ್ನ ‘ಉತ್ತೇಜನ’, ‘ಪ್ರೋತ್ಸಾಹಧನ’ ಅಂತಾರೆ; ಕಲೆಗಾರನಿಗೆ ಕೊಡೋದನ್ನ ‘ನೆರವು’ ಅಂತಾರೆ. ಎರಡೂ ಸಾರ್ವಜನಿಕರ ದುಡ್ಡೇ. ಪದ ಬೇರೆ ಆದ ಕೂಡಲೇ ಒಬ್ಬ ಹೂಡಿಕೆದಾರ ಆಗ್ತಾನೆ, ಇನ್ನೊಬ್ಬ ಫಲಾನುಭವಿ ಆಗ್ತಾನೆ. ಇದು ಬರೀ ಭಾಷೆಯ ವಿಷಯ ಅಂತ ನನಗೆ ಅನ್ನಿಸೋದಿಲ್ಲ.

ಕೊಪ್ಪಳದ ಹತ್ತಿರದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆಲ್ಲ ಗೊತ್ತು. ತೊಂಬತ್ತು ದಾಟಿದ ಅಜ್ಜಿ, ಜೀವಮಾನವೆಲ್ಲ ತೊಗಲುಗೊಂಬೆ ಆಡಿಸಿದವರು. ತೊಗಲುಗೊಂಬೆಯ ಮೇಳಗಳಿಗೆ ದೊಡ್ಡ ಅರಸರಿಗಿಂತ ಊರಿನವರೇ ಆಸರೆ. ಆಟ ಆಡಿದ್ರೆ ಕಾಳುಕಡಿ. ಮಳೆ ಹೋದ ವರ್ಷ ‘ಆಟ ಆಡಿಸಿದ್ರೆ ಮಳಿ ಬರ್ತದ’ ಅಂತ ಊರವರೇ ಕರೆಸೋರು. ಬಡಿಗ, ಕಮ್ಮಾರರಿಗೆ ರಾಶಿಯ ಹೊತ್ತಿಗೆ ಕೊಡೋ ‘ಆಯ’ ಇದ್ದ ಹಾಗೆ. ಆಯದಲ್ಲಿ ಋಣ ಎರಡೂ ಕಡೆಗೆ ಇತ್ತು: ಕೊಡದಿದ್ದರೆ ಮರುವರ್ಷ ಕೂರಿಗೆ ರಿಪೇರಿ ಆಗೋದಿಲ್ಲ. ಆದರೆ ಅದನ್ನ ಬಹಳ ಹೊಗಳಬೇಡಿ. ಯಾವ ಜಾತಿಯವನು ಕಣದ ಯಾವ ಮೂಲೆಯಲ್ಲಿ ನಿಂತು ಕೈ ಚಾಚಬೇಕು ಅನ್ನೋದೂ ಆ ವ್ಯವಸ್ಥೆಯ ಒಳಗೇ ಇತ್ತು. ಈಗ ವಯಸ್ಸಾದ ಕಲಾವಿದರಿಗೆ ಸರ್ಕಾರ ಕೊಡೋದು ‘ಮಾಸಾಶನ’. ಬಿಡಿಸಿದ್ರೆ ಮಾಸದ ಅಶನ, ತಿಂಗಳ ಊಟ. ನಾಟಕ ಕಂಪನಿಗಳ ಬೋರ್ಡಿನಲ್ಲಿ ನೋಡಿರ್ತೀರಿ, ಯಾವುದೋ ಗುರುಗಳ ಹೆಸರಿನ ಮುಂದೆ ‘ಕೃಪಾಪೋಷಿತ ನಾಟ್ಯ ಸಂಘ’ ಅಂತ. ಅಲ್ಲಿ ದುಡ್ಡು ಬರೋದು ಟಿಕೆಟ್ ಕೊಂಡು ಕೂತವನಿಂದ, ಗುರುಗಳಿಂದ ಬರೋದು ಧೈರ್ಯ. ಪೇಟ್ರನ್ ಪದದ ಎರಡು ಅರ್ಥ ಒಂದೇ ಬೋರ್ಡಿನಲ್ಲಿ ಇವೆ.

ಇಷ್ಟು ಹೊತ್ತು ಒಳ್ಳೆಯ ಮುಖ ನೋಡಿದ್ವಿ. ಇದೇ ಪದದ ಇನ್ನೊಂದು ಮುಖಕ್ಕೆ ನಮ್ಮ ಭಾಗದಲ್ಲಿ ಬಲು ಚಂದದ ಪದ ಇದೆ, ‘ವಶೀಲಿ’. ಉರ್ದುವಿನ ‘ವಸೀಲಾ’ದಿಂದ ಬಂದದ್ದು, ಮೂಲದಲ್ಲಿ ದಾರಿ, ಸಾಧನ ಅಂತ ಅರ್ಥ. ‘ಅವನಿಗೆ ವಶೀಲಿ ಅದ’ ಅಂದ್ರೆ ಸಾಕು, ಉಳಿದದ್ದು ನಾವೇ ತುಂಬಿಕೊಳ್ತೀವಿ. ಅಮೆರಿಕದ ರಾಜಕಾರಣದಲ್ಲಿ ‘ಪೇಟ್ರನೇಜ್’ ಅಂದ್ರೆ ನೇರವಾಗಿ ಇದೇ: ಗೆದ್ದ ಪಕ್ಷ ತನ್ನವರಿಗೆ ಸರ್ಕಾರಿ ನೌಕರಿ ಹಂಚೋದು. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹೊಡೆದವನು, ತನಗೆ ಬರಬೇಕಾದ ಹುದ್ದೆ ಬರಲಿಲ್ಲ ಅಂತ ಸಿಟ್ಟಾದ ಒಬ್ಬ ಆಕಾಂಕ್ಷಿ. ಅದಾದ ಮೇಲೆ 1883ರಲ್ಲಿ ಪರೀಕ್ಷೆ ನಡೆಸಿ ನೌಕರಿ ಕೊಡೋ ಕಾನೂನು ಬಂತು. ವಶೀಲಿಯಲ್ಲಿ ಋಣ ಕಾಣೋದಿಲ್ಲ, ಬರೆದಿಡೋದೂ ಇಲ್ಲ. ಅದಕ್ಕೇ ಅದು ಎಂದೂ ತೀರೋದಿಲ್ಲ.

ಇಲ್ಲೇ ನಮಗೆಲ್ಲ ಸಂಬಂಧಪಟ್ಟ ಒಂದು ಮಾತು. ನಮ್ಮಲ್ಲಿ ಬಹಳ ಜನ ‘371 ಜೆ ಕೃಪೆಯಿಂದ ಸೀಟು ಸಿಕ್ತು’ ಅಂತಾರೆ, ಸ್ವಲ್ಪ ತಗ್ಗಿದ ದನಿಯಲ್ಲಿ. ಹೊರಗಿನವರು ಅದನ್ನೇ ಸ್ವಲ್ಪ ಏರಿದ ದನಿಯಲ್ಲಿ ಅಂತಾರೆ. ‘ಕೃಪೆ’ ಅನ್ನೋ ಪದ ಇಲ್ಲಿ ತಪ್ಪು. ಸಂವಿಧಾನದ 98ನೇ ತಿದ್ದುಪಡಿಯಿಂದ ಸೇರಿದ ವಿಧಿ ಅದು. ಕಲ್ಯಾಣ ಕರ್ನಾಟಕಕ್ಕೆ ದಶಕಗಟ್ಟಲೆ ಶಾಲೆ, ರಸ್ತೆ, ನೌಕರಿ ಬಾರದೆ ಇದ್ದದ್ದರ ಬಾಕಿ ಲೆಕ್ಕ. ಕೃಪೆ ಮಾಡಿದವನಿಗೆ ಕೈ ಮುಗಿಯಬೇಕು, ಬಾಕಿ ಕೊಟ್ಟವನಿಂದ ರಸೀದಿ ತಗೊಂಡ್ರೆ ಸಾಕು. ಸ್ಕಾಲರ್‌ಶಿಪ್ಪಿಗೆ ನಾವು ಬಳಸೋ ಕನ್ನಡ ಪದ ನೋಡ್ರಿ: ‘ವಿದ್ಯಾರ್ಥಿವೇತನ’. ವೇತನ ಅಂದ್ರೆ ಪಗಾರ. ಓದೋದು ಒಂದು ಕೆಲಸ, ಅದಕ್ಕೆ ಪಗಾರ. ಈ ಪದ ಕಟ್ಟಿದವರಿಗೆ ದೊಡ್ಡ ನಮಸ್ಕಾರ; ದಾನ, ನೆರವು, ಆಶ್ರಯ ಯಾವುದನ್ನೂ ಹತ್ತಿರ ಬಿಡಲಿಲ್ಲ. ಆದರೂ ಚೆಕ್ ವಿತರಣೆ ಸಮಾರಂಭದಲ್ಲಿ ವೇದಿಕೆ ಹತ್ತಿಸಿ ಫೋಟೋ ತೆಗೆಸ್ತಾರೆ. ತಿಂಗಳ ಪಗಾರ ತಗೊಳೋಕೆ ಯಾವ ನೌಕರನನ್ನೂ ಹೀಗೆ ವೇದಿಕೆ ಹತ್ತಿಸೋದಿಲ್ಲ.

ಇಂಗ್ಲಿಷಿನ ‘ಪೇಟ್ರನೈಸಿಂಗ್’ ಇಲ್ಲಿಗೇ ಸೇರಿದ್ದು. ‘ಪಾಪ, ಹಳ್ಳಿಯಿಂದ ಬಂದ್ರೂ ಎಷ್ಟು ಚಂದ ಇಂಗ್ಲಿಷ್ ಮಾತಾಡ್ತೀಯಪ್ಪಾ’ ಅಂತ ಸಂದರ್ಶನದಲ್ಲಿ ಯಾರಾದ್ರೂ ಅಂದ್ರೆ, ಹೊಗಳಿಕೆಯೋ ಬೈಗುಳವೋ ತಿಳಿಯದೆ ಹಲ್ಲು ಕಿರಿಯೋ ಹಾಗಾಗುತ್ತಲ್ಲ, ಅದು. ಇದಕ್ಕೆ ಒಂದೇ ಪದದ ಕನ್ನಡ ಇಲ್ಲ. ಆ ‘ಪಾಪ’ದಲ್ಲೇ ಎಲ್ಲ ಇದೆ.

ಈ ಮೇಲು-ಕೀಳನ್ನ ತಲೆಕೆಳಗು ಮಾಡಿದ ಪದ ಒಂದಿದೆ, ಶರಣರದು: ‘ದಾಸೋಹ’. ಕೊಟ್ಟವನೇ ದಾಸ. ಜನವರಿ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಇದನ್ನ ವಿವರಿಸಬೇಕಿಲ್ಲ. ಊರೂರಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ಬರ್ತಾವೆ. ಯಾರ ಮನೆಯ ರೊಟ್ಟಿ ಯಾರ ಎಲೆಗೆ ಬಿತ್ತು ಅಂತ ಯಾರಿಗೂ ಗೊತ್ತಾಗೋದಿಲ್ಲ, ಅಂದಮೇಲೆ ಋಣ ಯಾರಿಗೆ ತೀರಿಸೋದು? ತಟ್ಟಿದವಳ ಹೆಸರು ರೊಟ್ಟಿಯ ಮೇಲೆ ಇರೋದಿಲ್ಲ. ಗವಿಮಠದ ಅದೇ ಬೆಟ್ಟದಲ್ಲಿ ಅಶೋಕನ ಶಾಸನವೂ ಇದೆ ಅನ್ನೋದು ಒಂದು ಕಾಕತಾಳೀಯ, ಅಲ್ಲಿ ಕೊಟ್ಟವನ ಮಾತು ಕಲ್ಲಿನ ಮೇಲೇ ಇದೆ.

ಕೊನೆಯದು ಅಂಗಡಿಯ ಅರ್ಥ. ಇಂಗ್ಲಿಷಿನಲ್ಲಿ ಹೋಟೆಲ್ಲಿಗೆ ದಿನಾ ಬರೋನೂ ‘ಪೇಟ್ರನ್’. ನಮ್ಮಲ್ಲಿ ಅವನು ‘ಖಾಯಂ ಗಿರಾಕಿ’. ಕುಷ್ಟಗಿ ತಾಲೂಕಿನ ದೋಟಿಹಾಳ, ಹನುಮಸಾಗರದ ಕಡೆ ಇಳಕಲ್ ಸೀರೆಯ ಮಗ್ಗಗಳಿವೆ. ಆ ಸೀರೆ ಇವತ್ತಿಗೂ ಉಳಿದದ್ದಕ್ಕೆ ಯಾವ ಅರಸನ ಹೆಸರೂ ಹೇಳಬೇಕಾಗಿಲ್ಲ. ಮದುವೆಗೊಂದು, ಸೀಮಂತಕ್ಕೊಂದು, ಹಬ್ಬಕ್ಕೊಂದು ಅಂತ ಕೊಂಡ ನಮ್ಮ ಅವ್ವ-ಅಜ್ಜಿಯರೇ ಅದರ ಪೋಷಕರು. ಗಿರಾಕಿ ದುಡ್ಡು ಕೊಟ್ಟ, ಸೀರೆ ತಗೊಂಡ, ಲೆಕ್ಕ ಅಲ್ಲಿಗೆ ಮುಗೀತು. ನೇಕಾರನಿಗೆ ನೂಲು ಕೊಟ್ಟು ಮುಂಗಡ ಕೊಟ್ಟ ಮಾಲೀಕನ ಜೊತೆಗಿನ ಲೆಕ್ಕ ಮಾತ್ರ ಅಷ್ಟು ಸುಲಭಕ್ಕೆ ಮುಗಿಯೋದಿಲ್ಲ, ಅದು ಜೋಳವಾಳಿಯ ಸಂಬಂಧಿ.

ಟ್ರಾನ್ಸ್‌ಪೋರ್ಟೇಶನ್ ಎಂಜಿನಿಯರಿಂಗ್ ಓದೋರಿಗೆ ಈ ಅರ್ಥ ಇನ್ನೊಂದು ರೂಪದಲ್ಲಿ ಎದುರಾಗುತ್ತೆ. ಆಸ್ಟ್ರೇಲಿಯಾ ಕಡೆಯ ವರದಿಗಳಲ್ಲಿ ‘ಪೇಟ್ರನೇಜ್’ ಅಂದ್ರೆ ಒಂದು ಬಸ್ಸು ಅಥವಾ ರೈಲು ಮಾರ್ಗದಲ್ಲಿ ಓಡಾಡೋ ಪ್ರಯಾಣಿಕರ ಸಂಖ್ಯೆ. ಗದಗ–ವಾಡಿ ಮಾರ್ಗದಲ್ಲಿ ರೈಲು ಯಲಬುರ್ಗಾ ದಾಟಿ 2025ರಲ್ಲಿ ಕುಷ್ಟಗಿ ಮುಟ್ಟಿದೆ. ಆ ಮಾರ್ಗದ ಮೇಲೆ ಯಾರಾದರೂ ಪ್ರಾಜೆಕ್ಟ್ ಮಾಡೋದಾದ್ರೆ, ಸಾರಾಂಶವನ್ನ ಕನ್ನಡದಲ್ಲಿ ಬರೆಯುವಾಗ ನಿಘಂಟಿನ ಮೊದಲ ಪದ ಎತ್ತಿಕೊಂಡು ‘ಕುಷ್ಟಗಿ ರೈಲಿನ ಆಶ್ರಯ’ ಅಂತ ಬರೀಬೇಡಿ, ಪ್ಲಾಟ್‌ಫಾರ್ಮಿನ ಮೇಲೆ ಮಲಗಿದವರ ಲೆಕ್ಕ ಅಂದುಕೊಂಡಾರು. ‘ದಿನದ ಪ್ರಯಾಣಿಕರ ಸಂಖ್ಯೆ’ ಅಂತ ಬರೀರಿ.